ಮಣಿಕಟ್ಟಿನ ನೆನಪು: ಗಮನ ಕೊರತೆ, ದಿನಚರಿ ಮತ್ತು ಬಳ್ಳಾರಿ ಕಲಿಸಿದ ಪಾಠ

ಈ ಸಂವಾದದಲ್ಲಿ ಮಾತನಾಡುವವರು ಇಬ್ಬರು: ಪ್ರೌಢಶಾಲೆಯ ಅಧ್ಯಾಪಕಿಯೊಬ್ಬರು ಮತ್ತು ಸಮುದಾಯ ಮಾನಸಿಕ ಆರೋಗ್ಯದ ಕ್ಷೇತ್ರದಲ್ಲಿ ದುಡಿಯುವ ವೈದ್ಯರೊಬ್ಬರು. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ ಎಂದು ಈಗ ಎಲ್ಲೆಡೆ ಕರೆಯಲಾಗುವ ಸ್ಥಿತಿ ಇರುವವರು ಸ್ಮಾರ್ಟ್‌ವಾಚ್, ಫಿಟ್‌ನೆಸ್ ಬ್ಯಾಂಡುಗಳಂಥ ಮೈಮೇಲೆ ಧರಿಸುವ ಸಾಧನಗಳ ನೆರವಿನಿಂದ ದಿನಚರಿಯನ್ನು ಕಟ್ಟಿಕೊಳ್ಳಬಹುದೇ, ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡಿನ ಬದುಕಿನಲ್ಲಿ ಅದಕ್ಕೆ ಯಾವ ರೂಪ ಬರಬೇಕು ಎಂಬುದು ಅವರ ಚರ್ಚೆಯ ವಿಷಯ.

ಅಧ್ಯಾಪಕಿ: ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಬ್ಯಾಂಡು ಸಿಗುವ ಕಾಲ ಇದು. ಮಗ ಒಂದು ಕಡೆ ಕೂರುವುದಿಲ್ಲ, ಹೇಳಿದ ಮಾತು ತಲೆಯಲ್ಲಿ ನಿಲ್ಲುವುದಿಲ್ಲ, ಹೊರಡುವ ಹೊತ್ತಿಗೆ ಒಂದು ಕಾಲಿಗೆ ಮಾತ್ರ ಸಾಕ್ಸ್ ಇರುತ್ತದೆ ಎಂದು ದೂರುವ ಹೆತ್ತವರು, ಕೈಗೆ ಅಂಥದೊಂದನ್ನು ಕಟ್ಟಿದರೆ ಶಿಸ್ತು ಬಂದೀತೇ ಎಂದು ಕೇಳಿದಾಗ ಕೊಡಬೇಕಾದ ಮೊದಲ ಉತ್ತರ ಯಾವುದು?

ವೈದ್ಯ: ಬ್ಯಾಂಡನ್ನು ಕಟ್ಟುವ ಮೊದಲು ತೊಂದರೆ ಯಾವುದೆಂದು ತಿಳಿಯಬೇಕು, ಅದನ್ನು ತಿಳಿಸುವ ಶಕ್ತಿ ಯಾವ ಬ್ಯಾಂಡಿಗೂ ಇಲ್ಲ ಎಂಬುದೇ ಮೊದಲ ಉತ್ತರ. ಎಡಿಎಚ್‌ಡಿ ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಗಮನವನ್ನು ಬೇಕಾದಲ್ಲಿ ನಿಲ್ಲಿಸುವುದು, ಉಕ್ಕಿಬಂದ ಆವೇಗವನ್ನು ಒಂದು ಕ್ಷಣ ತಡೆಹಿಡಿಯುವುದು, ಮುಂದೆ ಮಾಡಬೇಕಾದ ಕೆಲಸವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಸರಿಯಾದ ಹೊತ್ತಿಗೆ ಕೈಗೆತ್ತಿಕೊಳ್ಳುವುದು ಇವೆಲ್ಲ ಅದರಲ್ಲಿ ಕಷ್ಟವಾಗುತ್ತವೆ. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಹೊರತಂದ ಡಿಎಸ್‌ಎಂ-5 ಎಂಬ ಕೈಪಿಡಿಯ ಪ್ರಕಾರ, ಗಮನ ಕೊರತೆಯ 9 ಲಕ್ಷಣಗಳಲ್ಲಾಗಲಿ, ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಾಗಲಿ ಕನಿಷ್ಠ 6 ಇರಬೇಕು, 17 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ 5 ಇದ್ದರೆ ಸಾಕು. ಅವು ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಮುಂದುವರಿದಿರಬೇಕು, ಮನೆ, ಶಾಲೆ, ಕೆಲಸದ ಜಾಗ ಇವುಗಳಲ್ಲಿ ಎರಡು ಕಡೆಯಾದರೂ ಕಾಣಿಸಿಕೊಳ್ಳಬೇಕು, ಮತ್ತು ಅವುಗಳಲ್ಲಿ ಹಲವು 12 ವರ್ಷ ತುಂಬುವುದರೊಳಗೆ ತೋರಿರಬೇಕು. ನಿದ್ದೆಯ ಕೊರತೆ, ಕಿವಿ ಸರಿಯಾಗಿ ಕೇಳಿಸದಿರುವುದು, ಕಲಿಕೆಯ ನಿರ್ದಿಷ್ಟ ತೊಂದರೆ, ಮನೆಯೊಳಗಿನ ಭಯ ಇವೂ ಹೊರಗಿನಿಂದ ನೋಡುವವರಿಗೆ ಹೀಗೆಯೇ ಕಾಣುತ್ತವೆಯಾದ್ದರಿಂದ, ಅವುಗಳನ್ನು ಬೇರ್ಪಡಿಸಿ ನೋಡುವುದು ತರಬೇತಿ ಪಡೆದವರ ಕೆಲಸ.

ಅಧ್ಯಾಪಕಿ: ತರಗತಿಯಲ್ಲಿ ಎದ್ದು ಓಡಾಡುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಕಿಟಕಿಯ ಪಕ್ಕ ಸುಮ್ಮನೆ ಕೂತು ಪಾಠ ಎಲ್ಲಿಗೆ ಬಂತೆಂದು ತಿಳಿಯದ ಹುಡುಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಹತ್ತನೆಯ ತರಗತಿಯವರೆಗೂ ಅವಳಿಗೆ ಸಿಗುವುದು ಮಂಕು, ಬೇಜವಾಬ್ದಾರಿ ಎಂಬ ಹೆಸರುಗಳೇ.

ವೈದ್ಯ: ಈ ಸ್ಥಿತಿಯಲ್ಲಿ ಆಗುವ ದೊಡ್ಡ ಅನ್ಯಾಯವೇ ಅದು. ಅತಿಚಟುವಟಿಕೆ ಇಲ್ಲದೆ ಗಮನ ಕೊರತೆಯಷ್ಟೇ ಮುಖ್ಯವಾಗಿರುವ ಬಗೆ ಹುಡುಗಿಯರಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತದೆ, ಗುರುತಾಗುವಷ್ಟರಲ್ಲಿ ತನ್ನಲ್ಲೇ ಏನೋ ದೋಷವಿದೆ ಎಂಬ ನಂಬಿಕೆ ಬೇರೂರಿರುತ್ತದೆ. ಶಾಲೆ ಮತ್ತು ಅಂಗನವಾಡಿಗಳಿಗೆ ತಪಾಸಣಾ ತಂಡಗಳನ್ನು ಕಳಿಸುವ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಎಡಿಎಚ್‌ಡಿಯ ಹೆಸರಿದೆ. ಆದರೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೆಸರಿಸುವ 21 ಅಂಗವೈಕಲ್ಯಗಳಲ್ಲಿ ಅದು ಪ್ರತ್ಯೇಕವಾಗಿ ಇಲ್ಲ. ತಪಾಸಣೆಯಲ್ಲಿ ಗುರುತಿಸಬೇಕಾದ ತೊಂದರೆ ಎನಿಸಿಕೊಂಡೂ ಹಕ್ಕಿನ ಪಟ್ಟಿಗೆ ಸೇರದ ಈ ಸ್ಥಿತಿಯ ಮಕ್ಕಳು ಅಧ್ಯಾಪಕರ ತಿಳಿವಳಿಕೆಯನ್ನೇ ಹೆಚ್ಚಾಗಿ ನೆಚ್ಚಬೇಕಾಗಿದೆ.

ಅಧ್ಯಾಪಕಿ: ತೊಂದರೆ ಎಡಿಎಚ್‌ಡಿಯೇ ಎಂದು ಗೊತ್ತಾಯಿತೆನ್ನೋಣ. ಆಗ ಮಣಿಕಟ್ಟಿನ ಮೇಲೆ ಅದುರುವ ಒಂದು ಯಂತ್ರ ಏನನ್ನು ಸಾಧಿಸಬಲ್ಲದು? ನೆನಪಿಸಲು ತಾಯಿ ಇದ್ದಾಳೆ, ಗೋಡೆಯ ಮೇಲೆ ಗಡಿಯಾರವಿದೆ, ಬಳ್ಳಾರಿಯ ರಾಯಲ್ ವೃತ್ತದಲ್ಲಿ ಊರಿಗೆಲ್ಲ ಕಾಣುವ ಗಡಿಯಾರ ಗೋಪುರವೇ ಇದೆ.

ವೈದ್ಯ: ಗೋಪುರದ ಗಡಿಯಾರ ಕಾಲವನ್ನು ತೋರಿಸುತ್ತದೆ, ಆದರೆ ನೋಡಬೇಕೆಂಬ ನೆನಪು ನೋಡುವವನಿಗೇ ಬರಬೇಕು. ಮುಂದೆ ಮಾಡಬೇಕಾದುದನ್ನು ನೆನಪಿಟ್ಟುಕೊಳ್ಳುವ ಶಕ್ತಿಯನ್ನು ಮನಶ್ಶಾಸ್ತ್ರಜ್ಞರು ಎರಡಾಗಿ ವಿಂಗಡಿಸುತ್ತಾರೆ. ಘಟನೆಯನ್ನು ಆಧರಿಸಿದ ನೆನಪು ಒಂದು, ಅಂದರೆ ಊಟವಾದ ಮೇಲೆ ಮಾತ್ರೆ ನುಂಗುವುದು ಎಂಬಂಥದ್ದು. ಇಲ್ಲಿ ಊಟವೇ ಸುಳಿವು ಕೊಡುತ್ತದೆ. ಕಾಲವನ್ನು ಆಧರಿಸಿದ ನೆನಪು ಇನ್ನೊಂದು, ಅಂದರೆ ಆರೂವರೆಗೆ ಓದಲು ಕೂರುವುದು ಎಂಬಂಥದ್ದು. ಇಲ್ಲಿ ಹೊರಗಿನ ಸುಳಿವು ಯಾವುದೂ ಇಲ್ಲ, ಆರೂವರೆ ಆಯಿತೇ ಎಂದು ಮನಸ್ಸೇ ಮತ್ತೆ ಮತ್ತೆ ಇಣುಕಿ ನೋಡುತ್ತಿರಬೇಕು. ಎಡಿಎಚ್‌ಡಿ ಇರುವವರಲ್ಲಿ ಹೆಚ್ಚು ಕುಂದುವುದು ಈ ಎರಡನೆಯದು. ಹತ್ತು ನಿಮಿಷಕ್ಕೂ ಒಂದು ಗಂಟೆಗೂ ಇರುವ ಅಂತರ ಒಳಗಿನಿಂದ ಸ್ಪಷ್ಟವಾಗಿ ಅನುಭವಕ್ಕೆ ಬಾರದಿರುವ ಈ ಗುಣಕ್ಕೆ ಕೆಲವರು ಕಾಲಕುರುಡು ಎನ್ನುತ್ತಾರೆ. ಆರೂವರೆಗೆ ಮಣಿಕಟ್ಟು ಅದುರಿದ ಕ್ಷಣದಲ್ಲಿ ಕಾಲ ಒಂದು ಘಟನೆಯಾಗುತ್ತದೆ. ಕಷ್ಟದ ಬಗೆಯ ನೆನಪು ಸುಲಭದ ಬಗೆಯ ನೆನಪಾಗಿ ಬದಲಾಗುತ್ತದೆ. ಬ್ಯಾಂಡಿನ ನಿಜವಾದ ಉಪಯೋಗ ಇಷ್ಟೇ, ಆದರೆ ಇದು ಸಣ್ಣದಲ್ಲ.

ಅಧ್ಯಾಪಕಿ: ತಾಯಿಯ ಕೂಗೂ ಇದೇ ಕೆಲಸವನ್ನು ಮಾಡುತ್ತದೆಯಲ್ಲವೇ?

ವೈದ್ಯ: ಮಾಡುತ್ತದೆ, ಆದರೆ ಹತ್ತನೆಯ ಸಲ ಕೂಗುವಾಗ ಅದರಲ್ಲಿ ಸಿಟ್ಟು ಸೇರಿರುತ್ತದೆ, ನೆರೆಮನೆಗೂ ಕೇಳಿರುತ್ತದೆ. ನೆನಪಿಸುವ ಕೆಲಸ ಯಂತ್ರಕ್ಕೆ ಹೋದರೆ ಮಗುವನ್ನು ಮೆಚ್ಚುವ ಕೆಲಸ ತಾಯಿಗೆ ಉಳಿಯುತ್ತದೆ. ಯಾರಿಗೂ ಕೇಳದ ಕಂಪನದಲ್ಲಿ ಮಗುವಿನ ಮಾನವೂ ಉಳಿಯುತ್ತದೆ. ಹದಿಹರೆಯದವರ ಮಟ್ಟಿಗೆ ಇದು ಬಹಳ ದೊಡ್ಡ ವಿಷಯ.

ಅಧ್ಯಾಪಕಿ: ಹಾಗಿದ್ದರೂ ಇಂಥ ಸಾಧನಗಳ ಮಾತೆಲ್ಲ ಬೆಂಗಳೂರು, ಹೈದರಾಬಾದುಗಳ ಖಾಸಗಿ ಚಿಕಿತ್ಸಾಲಯಗಳಿಗೆ ಸೇರಿದ್ದು, ಬಳ್ಳಾರಿ ಜಿಲ್ಲೆಯ ತಾಲ್ಲೂಕು ಊರುಗಳಿಗೆ ಹೊಂದುವುದಿಲ್ಲ ಎಂಬ ಅನುಮಾನ ಉಳಿಯುತ್ತದೆ.

ವೈದ್ಯ: ಈ ಜಿಲ್ಲೆಯ ಚರಿತ್ರೆ ಅದಕ್ಕೆ ತದ್ವಿರುದ್ಧವಾದುದನ್ನು ಹೇಳುತ್ತದೆ, ಮತ್ತು ಅದನ್ನು ಬಳ್ಳಾರಿಯವರೇ ಮರೆತಿರುವುದು ವಿಷಾದದ ಸಂಗತಿ. ಭಾರತ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಘೋಷಿಸಿದಾಗ, ಬೆರಳೆಣಿಕೆಯ ಮನೋವೈದ್ಯರಿರುವ ದೇಶದಲ್ಲಿ ಹಳ್ಳಿಯ ರೋಗಿಗೆ ಚಿಕಿತ್ಸೆ ಮುಟ್ಟಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಆ ಉತ್ತರವನ್ನು ಹುಡುಕಲು ಆರಿಸಿಕೊಂಡದ್ದು ಆಗ ಸುಮಾರು 20 ಲಕ್ಷ ಜನಸಂಖ್ಯೆಯಿದ್ದ ಬಳ್ಳಾರಿ ಜಿಲ್ಲೆಯನ್ನು. 1985ರಿಂದ 1990ರವರೆಗೆ ಇಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಅತ್ಯಗತ್ಯವಾದ ಕೆಲವೇ ಔಷಧಿಗಳನ್ನು ಆ ಕೇಂದ್ರಗಳಲ್ಲೇ ದೊರಕುವಂತೆ ಮಾಡಲಾಯಿತು. ಸರಳವಾದ ದಾಖಲೆ ಮತ್ತು ಜಿಲ್ಲಾ ತಂಡದ ಬೆಂಬಲ ಅದಕ್ಕೆ ಜೊತೆಯಾದವು. ತೀವ್ರ ಮಾನಸಿಕ ಕಾಯಿಲೆ, ಮೂರ್ಛೆರೋಗ, ಬೌದ್ಧಿಕ ಬೆಳವಣಿಗೆಯ ಕೊರತೆ ಆ ಕಾರ್ಯಕ್ರಮದ ಮುಖ್ಯ ಕಾಳಜಿಗಳಾಗಿದ್ದವು. ಬಳ್ಳಾರಿ ಮಾದರಿ ಎಂದೇ ಹೆಸರಾದ ಈ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ 4 ಜಿಲ್ಲೆಗಳಲ್ಲಿ ಶುರುವಾಗಿ, ಅನಂತರ ದೇಶದುದ್ದಕ್ಕೂ ಹಬ್ಬಿತು.

ಅಧ್ಯಾಪಕಿ: ಆ ಕಾರ್ಯಕ್ರಮದ ಕಾಳಜಿಗಳಲ್ಲಿ ಎಡಿಎಚ್‌ಡಿ ಇರಲಿಲ್ಲ, ಯಂತ್ರವೂ ಇರಲಿಲ್ಲ. ಅದಕ್ಕೂ ಈ ವಿಷಯಕ್ಕೂ ಸಂಬಂಧವೇನು?

ವೈದ್ಯ: ತತ್ವ ಒಂದೇ. ಚಿಕಿತ್ಸೆ ದೂರದ ಆಸ್ಪತ್ರೆಯಲ್ಲಿ ಕಾದು ಕೂತರೆ ಸಾಲದು, ಅದು ರೋಗಿ ಬದುಕುವ ಜಾಗಕ್ಕೆ ಬರಬೇಕು, ಮತ್ತು ಅದನ್ನು ತಂದುಕೊಡುವವರು ಅಲ್ಲಿಯವರೇ ಆದ ಸಾಮಾನ್ಯ ಜನರಾಗಿರಬಹುದು ಎಂಬುದನ್ನು ಬಳ್ಳಾರಿ ತೋರಿಸಿಕೊಟ್ಟಿತು. ಎಡಿಎಚ್‌ಡಿಯ ಬಗ್ಗೆ ದಶಕಗಳ ಕಾಲ ಬರೆದ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಒತ್ತಿ ಹೇಳುವ ಮಾತೂ ಇದಕ್ಕೆ ಹತ್ತಿರದ್ದೇ: ಈ ಸ್ಥಿತಿಯಲ್ಲಿ ಕೊರತೆ ಇರುವುದು ತಿಳಿದದ್ದನ್ನು ಮಾಡುವುದರಲ್ಲಿ, ತಿಳಿವಳಿಕೆಯಲ್ಲಿ ಅಲ್ಲ, ಆದ್ದರಿಂದ ನೆರವು ಕೆಲಸ ನಡೆಯಬೇಕಾದ ಜಾಗದಲ್ಲಿ, ನಡೆಯಬೇಕಾದ ಗಳಿಗೆಯಲ್ಲಿ ಸಿಗಬೇಕು. ತಿಂಗಳಿಗೊಮ್ಮೆ ವೈದ್ಯರ ಕೋಣೆಯಲ್ಲಿ ಹೇಳಿದ ಬುದ್ಧಿಮಾತು ಮರುದಿನ ಬೆಳಗಿನ ಏಳು ಗಂಟೆಗೆ ಬಚ್ಚಲ ಬಾಗಿಲಲ್ಲಿ ನಿಂತ ಹುಡುಗನ ಬಳಿಗೆ ತಲುಪುವುದಿಲ್ಲ. ಮಣಿಕಟ್ಟಿನ ಬ್ಯಾಂಡು ತಲುಪುತ್ತದೆ. ಆದರೆ ಅದನ್ನು ಹೊಂದಿಸಿಕೊಟ್ಟು, ವಾರಕ್ಕೊಮ್ಮೆ ಕೂತು ಮಾತನಾಡುವ ಮನುಷ್ಯನೊಬ್ಬ ಹಿಂದೆ ಇಲ್ಲದಿದ್ದರೆ ಕೆಲವೇ ದಿನಗಳಲ್ಲಿ ಅದು ಮೇಜಿನ ಡ್ರಾಯರಿಗೆ ಸೇರುತ್ತದೆ. ಬಳ್ಳಾರಿ ಮಾದರಿಯಲ್ಲಿ ಆ ಜಾಗದಲ್ಲಿ ಇದ್ದವರು ಆರೋಗ್ಯ ಕಾರ್ಯಕರ್ತರು. ಇಲ್ಲಿ ಅಕ್ಕನಿರಬಹುದು, ಅಧ್ಯಾಪಕಿಯಿರಬಹುದು, ವಯಸ್ಕರ ವಿಷಯದಲ್ಲಿ ಹೆಂಡತಿಯೋ ಗಂಡನೋ ಜೊತೆ ಕೆಲಸಗಾರನೋ ಇರಬಹುದು.

ಅಧ್ಯಾಪಕಿ: ಹೊಂದಿಸಿಕೊಡುವುದು ಎಂದರೆ ಏನೆಂಬುದನ್ನು ಕಣ್ಣಿಗೆ ಕಟ್ಟುವಂತೆ ವಿವರಿಸಬಹುದೇ? ಕುರುಗೋಡಿನಿಂದ ಬಳ್ಳಾರಿಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಂಡರೆ ಸುಲಭವಾದೀತು.

ವೈದ್ಯ: ಆ ವಿದ್ಯಾರ್ಥಿನಿಯ ಬೆಳಗನ್ನೇ ತೆಗೆದುಕೊಳ್ಳಬಹುದು. ಸಾಮಾನ್ಯವಾಗಿ ಮನೆಯವರು ಮಾಡುವುದು ಐದೂವರೆಯಿಂದ ಎಂಟರವರೆಗೆ ಹದಿನೈದು ಅಲಾರಂ ಇಡುವುದನ್ನು. ಮೂರನೆಯ ದಿನಕ್ಕೆ ಅವಳ ಚರ್ಮ ಆ ಕಂಪನಕ್ಕೆ ಒಗ್ಗಿಹೋಗಿ, ಬಂದದ್ದೇ ಗೊತ್ತಾಗದೆ ಬೆರಳು ಅದನ್ನು ಆರಿಸಿಬಿಡುತ್ತದೆ. ಒಂದೇ ಪ್ರಚೋದನೆ ಪರಿಣಾಮವಿಲ್ಲದೆ ಮರುಕಳಿಸಿದಾಗ ಮಿದುಳು ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳದಿರುವುದನ್ನು ಅಭ್ಯಸ್ತಗೊಳ್ಳುವಿಕೆ ಎನ್ನುತ್ತಾರೆ, ಬ್ಯಾಂಡುಗಳ ದೊಡ್ಡ ಶತ್ರು ಅದೇ. ಆದ್ದರಿಂದ ಬೆಳಗಿಗೆ ಎರಡೇ ಕಂಪನ ಸಾಕು. ಮೊದಲನೆಯದು ಬಚ್ಚಲಿಗೆ ಹೋಗುವ ಹೊತ್ತಿನದು, ಎರಡನೆಯದು ಬಸ್ಸಿಗೆ ಹದಿನೈದು ನಿಮಿಷ ಮುಂಚಿನದು. ನಡುವಿನ ಕೆಲಸಗಳನ್ನು ಒಂದಕ್ಕೊಂದು ಹೆಣೆಯಬೇಕು: ಸ್ನಾನವಾದ ಕೂಡಲೇ ಸಮವಸ್ತ್ರ, ಸಮವಸ್ತ್ರ ಹಾಕಿದ ಕೂಡಲೇ ತಿಂಡಿ, ತಟ್ಟೆ ತೊಳೆದ ಕೈಯಲ್ಲೇ ಡಬ್ಬಿಯನ್ನು ಚೀಲಕ್ಕೆ ಹಾಕುವುದು. ಇಂಥದಾದಾಗ ಇಂಥದನ್ನು ಮಾಡುವುದು ಎಂಬ ರೂಪದಲ್ಲಿ ಮೊದಲೇ ಮಾಡಿಟ್ಟುಕೊಂಡ ಸಂಕಲ್ಪದ ಬಲವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ಪರೀಕ್ಷಿಸುತ್ತ ಬಂದವರು. ಎಡಿಎಚ್‌ಡಿ ಇರುವ ಮಕ್ಕಳಲ್ಲೂ ಅದು ಆವೇಗವನ್ನು ತಡೆಯಲು ನೆರವಾಗುತ್ತದೆಂದು ಅವರೂ ಕತೆರೀನಾ ಗಾವ್ರಿಲೊವ್ ಅವರೂ ಸೇರಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಎರಡನೆಯ ಕಂಪನ ಬಂದಾಗ ಅವಳು ಮಾಡಬೇಕಾದುದು ಒಂದೇ, ಚಪ್ಪಲಿ ಮೆಟ್ಟಿಕೊಳ್ಳುವುದು. ಹೊರಡು ಎಂಬ ಆಜ್ಞೆ ದೊಡ್ಡದು, ಅದರೊಳಗೆ ಹತ್ತು ಕೆಲಸಗಳಿವೆ; ಚಪ್ಪಲಿ ಮೆಟ್ಟಿಕೊಳ್ಳುವುದು ಕಾಲಿಗೆ ತಿಳಿಯುವ ಒಂದೇ ಕೆಲಸ.

ಅಧ್ಯಾಪಕಿ: ಕಂಪನದ ಜೊತೆಗೆ ಪರದೆಯ ಮೇಲೆ ಮಾಡಬೇಕಾದ ಕೆಲಸವನ್ನು ಬರೆದು ತೋರಿಸಬಹುದಲ್ಲ?

ವೈದ್ಯ: ಬರೆಯಬಹುದು, ಆದರೆ ಕಡಿಮೆ ಬೆಲೆಯ ಕೆಲವು ಬ್ಯಾಂಡುಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತವೆ ಅಥವಾ ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ. ಬರಹವನ್ನು ಮನೆಯ ಬಾಗಿಲ ಹಿಂದೆ ದೊಡ್ಡ ಅಕ್ಷರಗಳಲ್ಲಿ ಅಂಟಿಸಿ, ಕಂಪನವನ್ನು ಮಾತ್ರ ಕೈಗೆ ಬಿಡುವುದು ಹೆಚ್ಚು ಭದ್ರ. ಓದಲು ಪರದೆಯನ್ನು ತೆರೆದವರ ಕಣ್ಣು ಅಲ್ಲಿಂದ ಸಂದೇಶಗಳಿಗೂ ಕ್ರಿಕೆಟ್ ಅಂಕಗಳಿಗೂ ಜಾರುವುದು ಸಹಜವಾದುದರಿಂದ, ಕರೆ, ಸಂದೇಶ, ಸುದ್ದಿ ಎಲ್ಲದರ ಸೂಚನೆಗಳನ್ನೂ ಮೊದಲ ದಿನವೇ ಆರಿಸಬೇಕು. ಹಾಗೆ ಮಾಡದ ಬ್ಯಾಂಡು ಗಮನ ಕೊರತೆ ಇರುವವರ ಕೈಗೆ ಗಮನ ಕದಿಯುವ ಇನ್ನೊಂದು ವಸ್ತುವನ್ನು ಕಟ್ಟಿದಂತೆಯೇ ಸರಿ.

ಅಧ್ಯಾಪಕಿ: ವಿದ್ಯಾರ್ಥಿನಿಯ ದಿನಕ್ಕೆ ಬಸ್ಸಿನ ಹೊತ್ತು, ಕಾಲೇಜಿನ ಗಂಟೆ ಎಂಬ ಗೂಟಗಳಿವೆ. ವಯಸ್ಕರ ದಿನ ಹಾಗಿರುವುದಿಲ್ಲ. ಬಳ್ಳಾರಿಯ ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ಬಂದ ದಿನ ಉಳಿದೆಲ್ಲ ಕೆಲಸವೂ ನಿಲ್ಲುತ್ತದೆ. ನೀರು ಎಂದು ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದು ಮೊದಲೇ ತಿಳಿದಿರುವುದಿಲ್ಲ.

ವೈದ್ಯ: ಎಡಿಎಚ್‌ಡಿ ಬಾಲ್ಯದ ತೊಂದರೆ ಮಾತ್ರ, ಬೆಳೆದಂತೆ ಹೋಗುತ್ತದೆ ಎಂಬುದು ಹಳೆಯ ನಂಬಿಕೆ, ಬಹಳ ಮಂದಿಯಲ್ಲಿ ಅದು ರೂಪ ಬದಲಿಸಿಕೊಂಡು ಉಳಿಯುತ್ತದೆ, ಕೈಕಾಲಿನ ಚಡಪಡಿಕೆ ಕಡಿಮೆಯಾಗಿ ಮರೆವು, ಮುಂದೂಡಿಕೆ, ಅರ್ಧಕ್ಕೆ ಬಿಟ್ಟ ಕೆಲಸಗಳು ಹೆಚ್ಚಾಗುತ್ತವೆ. ಅವರ ದಿನವನ್ನು ಗಡಿಯಾರದ ಅಂಕಿಗಳಿಗೆ ಕಟ್ಟುವುದಕ್ಕಿಂತ ಅವರ ಕಸುಬಿಗೆ ಕಟ್ಟುವುದು ಒಳ್ಳೆಯದು. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ದುಡಿಯುವವನನ್ನು ಊಹಿಸಿಕೊಳ್ಳೋಣ. ಸಾಲು ಯಂತ್ರಗಳ ಸದ್ದಿನಲ್ಲಿ ಫೋನಿನ ಗಂಟೆ ಕೇಳಿಸುವುದಿಲ್ಲ, ಮಣಿಕಟ್ಟಿನ ಅದುರು ತಿಳಿಯುತ್ತದೆ. ತುಂಡಿಗಿಷ್ಟು ಎಂದು ಕೂಲಿ ಸಿಗುವಲ್ಲಿ ಎಡಿಎಚ್‌ಡಿ ಇರುವವನು ಕೆಲವೊಮ್ಮೆ ಎಲ್ಲರಿಗಿಂತ ಹೆಚ್ಚು ಹೊಲಿಯುತ್ತಾನೆ, ಏಕೆಂದರೆ ಗಮನ ಒಮ್ಮೆ ಕಚ್ಚಿಕೊಂಡರೆ ಬಿಡಿಸಿಕೊಳ್ಳುವುದೂ ಅವನಿಗೆ ಕಷ್ಟ. ಅತಿತಲ್ಲೀನತೆ ಎನ್ನಬಹುದಾದ ಈ ಸ್ಥಿತಿಯಲ್ಲಿ ಅವನು ಊಟ ಮರೆಯುತ್ತಾನೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯ ಬಿಸಿಲಿನಲ್ಲೂ ನೀರು ಕುಡಿಯುವುದನ್ನು ಮರೆಯುತ್ತಾನೆ. ಅವನಿಗೆ ಬೇಕಾದುದು ಕೆಲಸಕ್ಕೆ ಹಚ್ಚುವ ಕಂಪನವಲ್ಲ, ಕೆಲಸದಿಂದ ಎಬ್ಬಿಸುವ ಕಂಪನ. ತಾಸಿಗೊಮ್ಮೆ ಅದುರಿದಾಗ ಕೈಯಲ್ಲಿರುವ ಹೊಲಿಗೆ ಮುಗಿಸಿ, ಎದ್ದು ನಿಂತು, ಒಂದು ಲೋಟ ನೀರು ಕುಡಿಯುವುದು. ಎದ್ದು ನಿಲ್ಲುವುದೇ ಮುಖ್ಯ, ಕೂತಲ್ಲೇ ಕುಡಿದರೆ ಗಮನ ಬಿಡಿಸಿಕೊಳ್ಳುವುದಿಲ್ಲ.

ಅಧ್ಯಾಪಕಿ: ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲೂ ಇದೇ ಬಗೆಯ ಸದ್ದು ಇರುತ್ತದೆ.

ವೈದ್ಯ: ಅಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬೆಲ್ಟು, ರಾಟೆ, ತಿರುಗುವ ದಂಡಗಳ ಹತ್ತಿರ ಕೈಹಾಕಿ ಕೆಲಸ ಮಾಡುವವರು ಮಣಿಕಟ್ಟಿಗೆ ಬಳೆಯನ್ನೂ ಗಡಿಯಾರವನ್ನೂ ಕಟ್ಟಬಾರದು, ಸಿಕ್ಕಿಕೊಂಡರೆ ಕೈಯೇ ಹೋಗುತ್ತದೆ. ಅಂಥವರಿಗೆ ಸೊಂಟಕ್ಕೆ ಸಿಕ್ಕಿಸುವ, ಇಲ್ಲವೇ ಅಂಗಿಯ ಒಳಜೇಬಿನಲ್ಲಿ ಇಡುವ ಕಂಪಕ ಸಾಕು. ಧರಿಸುವ ಸಾಧನ ಎಂದರೆ ಕೈಗಡಿಯಾರವೇ ಆಗಬೇಕೆಂಬ ನಿಯಮವಿಲ್ಲ. ಸಿರುಗುಪ್ಪದ ರೈತನ ವಿಷಯವನ್ನೂ ಇಲ್ಲಿಯೇ ಹೇಳುವುದು ಸೂಕ್ತ. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರಿನ ಮೇಲೆ ಭತ್ತ ಬೆಳೆಯುವವನ ಹೊತ್ತು ನೀರಿನ ಸರದಿಗೆ ತಕ್ಕಂತೆ ಬದಲಾಗುತ್ತದೆ, ರಾತ್ರಿ ಎರಡಕ್ಕೂ ಎದ್ದು ಗದ್ದೆಗೆ ಹೋಗಬೇಕಾಗುತ್ತದೆ. ಮೋಟಾರು ಹಾಕಿ ಬಂದು, ಆರಿಸುವುದನ್ನು ಮರೆತು, ನೀರೂ ವಿದ್ಯುತ್ತೂ ವ್ಯರ್ಥವಾದ ಮೇಲೆ ಮನೆಯಲ್ಲಿ ಜಗಳವಾಗುವುದು ಎಡಿಎಚ್‌ಡಿ ಇರುವ ರೈತನ ಮನೆಯಲ್ಲಿ ಮತ್ತೆ ಮತ್ತೆ ನಡೆಯಬಹುದಾದ ಸಂಗತಿ. ಅವನಿಗೆ ದಿನದ ಅಲಾರಂ ಪ್ರಯೋಜನಕ್ಕೆ ಬಾರದು. ಸ್ಟಾರ್ಟರಿನ ಗುಂಡಿಯನ್ನು ಒತ್ತಿದ ಬೆರಳೇ ಮರುಕ್ಷಣ ಬ್ಯಾಂಡಿನ ಟೈಮರನ್ನು ಒತ್ತುವ ರೂಢಿ ಬೇಕು. ಆ ಎರಡು ಒತ್ತುಗಳ ನಡುವೆ ಇನ್ನಾವ ಕೆಲಸವೂ ನುಸುಳಬಾರದು, ಬೀಡಿ ಹಚ್ಚುವುದು ಕೂಡ.

ಅಧ್ಯಾಪಕಿ: ರೂಢಿ ಬೀಳಲು ಇಪ್ಪತ್ತೊಂದು ದಿನ ಸಾಕು ಎಂಬ ಮಾತು ಎಲ್ಲೆಡೆ ಕೇಳುತ್ತದೆ.

ವೈದ್ಯ: ಆ ಮಾತಿಗೆ ಆಧಾರವಿಲ್ಲ. ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 96 ಸ್ವಯಂಸೇವಕರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ನಡವಳಿಕೆಯೊಂದು ತಾನಾಗಿ ನಡೆಯುವಂತಾಗಲು ಹಿಡಿದ ಅವಧಿಯ ಮಧ್ಯಮಾನ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ಅವರು ಎಡಿಎಚ್‌ಡಿಗಾಗಿ ಆರಿಸಿದವರಲ್ಲ, ಸಾಮಾನ್ಯ ಜನ. ಎಡಿಎಚ್‌ಡಿ ಇರುವವರಿಗೆ ಇನ್ನಷ್ಟು ಕಾಲ ಹಿಡಿಯಬಹುದೆಂದು ನಿರೀಕ್ಷಿಸುವುದು ನ್ಯಾಯ. ಅದೇ ಅಧ್ಯಯನದಲ್ಲಿ ಇನ್ನೊಂದು ಸಮಾಧಾನದ ಅಂಶವಿದೆ: ಒಂದು ದಿನ ತಪ್ಪಿದ್ದರಿಂದ ರೂಢಿ ಬೀಳುವ ಕ್ರಮಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗಲಿಲ್ಲ. ಸತತ ಇಷ್ಟು ದಿನ ಎಂದು ಸರಪಳಿ ತೋರಿಸಿ, ಒಂದು ದಿನ ತಪ್ಪಿದರೆ ಸೊನ್ನೆಗೆ ಇಳಿಸುವ ಆ್ಯಪುಗಳು ಈ ಕಾರಣಕ್ಕೆ ಎಡಿಎಚ್‌ಡಿ ಇರುವವರಿಗೆ ಹಾನಿಕರ. ಜೀವನವಿಡೀ ಸೋತವನು ಎನಿಸಿಕೊಂಡವನಿಗೆ ಆ ಸೊನ್ನೆ ಇನ್ನೊಂದು ಬೈಗುಳವಾಗಿ ಕೇಳಿಸುತ್ತದೆ.

ಅಧ್ಯಾಪಕಿ: ಒಂದು ದಿನದ ಮಾತು ಹೀಗಾಯಿತು. ದಿನಚರಿಯೇ ಬುಡಮೇಲಾಗುವ ಕಾಲವೂ ಇರುತ್ತದೆ. ಕುರುಗೋಡಿನಲ್ಲಿ ದೊಡ್ಡಬಸವೇಶ್ವರ ರಥೋತ್ಸವದ ವಾರ ಮನೆ ತುಂಬ ನೆಂಟರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಕಾಲುವೆಯನ್ನು ನಂಬಿದ ಊರುಗಳಲ್ಲಿ ಬೆಳೆಯ ಚಿಂತೆಯ ಮುಂದೆ ಉಳಿದೆಲ್ಲವೂ ಹಿಂದೆ ಸರಿಯಿತು.

ವೈದ್ಯ: ಜಾತ್ರೆಯ ವಾರ ಬ್ಯಾಂಡಿನ ಕಂಪನಗಳನ್ನು ಆರಿಸಿಬಿಡುವುದೇ ಮೇಲು, ಏಕೆಂದರೆ ಕಡೆಗಣಿಸಿದ ಪ್ರತಿಯೊಂದು ಕಂಪನವೂ ಮುಂದಿನದರ ಬಲವನ್ನು ಕುಗ್ಗಿಸುತ್ತದೆ. ಆದರೆ ಒಂದನ್ನು ಉಳಿಸಬೇಕು, ಅದು ಮಲಗುವ ಹೊತ್ತಿನದು. ಜಾತ್ರೆ ಮುಗಿದ ಮರುದಿನ ಎಲ್ಲವನ್ನೂ ಒಮ್ಮೆಲೇ ಹಚ್ಚದೆ ಮೊದಲು ಬೆಳಗಿನದು, ಮೂರು ನಾಲ್ಕು ದಿನ ಕಳೆದು ಸಂಜೆಯದು ಎಂಬ ಕ್ರಮದಲ್ಲಿ ಮರಳಬೇಕು. ಬರಗಾಲ, ನೆರೆ, ಬೆಳೆನಷ್ಟದ ಕಾಲದಲ್ಲಿ ದಿನಚರಿ ಮುರಿದವನನ್ನು ಅಶಿಸ್ತಿನವನೆಂದು ತಿಳಿಯುವುದು ಅಮಾನವೀಯ. ಆಗ ಅವನಿಗೆ ಬೇಕಾದುದು ಬ್ಯಾಂಡಲ್ಲ, ಮಾತನಾಡಿಸುವವರು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ, ಸಂಖ್ಯೆ 14416, ಅಂಥ ಹೊತ್ತಿಗೆ ಯಾವ ಊರಿನಿಂದಲೂ ಉಚಿತವಾಗಿ ಸಿಗುತ್ತದೆ.

ಅಧ್ಯಾಪಕಿ: ಮಲಗುವ ಹೊತ್ತಿಗೆ ಇಷ್ಟು ಮಹತ್ವವೇಕೆ?

ವೈದ್ಯ: ಎಡಿಎಚ್‌ಡಿ ಇರುವವರಲ್ಲಿ ನಿದ್ದೆ ತಡವಾಗಿ ಬರುವುದು ಬಹಳ ಸಾಮಾನ್ಯ, ನಿದ್ದೆಗೆಟ್ಟ ಮರುದಿನ ಗಮನ ಇನ್ನಷ್ಟು ಚದುರುತ್ತದೆ, ಹೀಗೆ ಒಂದು ಇನ್ನೊಂದನ್ನು ಕೆಡಿಸುತ್ತ ಹೋಗುತ್ತದೆ. ಬ್ಯಾಂಡಿನೊಳಗೆ ಮೂರು ದಿಕ್ಕಿನ ಚಲನೆಯನ್ನು ಅಳೆಯುವ ಸಂವೇದಕವೂ, ಚರ್ಮದೊಳಗೆ ಹಸಿರು ಬೆಳಕು ಹಾಯಿಸಿ ರಕ್ತದ ಏರಿಳಿತದಿಂದ ನಾಡಿಯನ್ನು ಎಣಿಸುವ ಸಂವೇದಕವೂ ಇರುತ್ತವೆ; ಎರಡನ್ನೂ ಸೇರಿಸಿ ಅದು ಮಲಗಿದ, ಎದ್ದ ಹೊತ್ತನ್ನು ಅಂದಾಜು ಮಾಡುತ್ತದೆ. ಗಾಢ ನಿದ್ದೆ ಇಷ್ಟು, ಕನಸಿನ ನಿದ್ದೆ ಇಷ್ಟು ಎಂದು ತೋರಿಸುವ ಬಣ್ಣದ ಪಟ್ಟಿಗಳನ್ನು ನಂಬಬೇಕಿಲ್ಲ, ಆದರೆ ಎರಡು ವಾರಗಳ ಮಲಗಿದ ಹೊತ್ತಿನ ದಾಖಲೆ ವೈದ್ಯರ ಮುಂದೆ ನೂರು ಮಾತಿಗಿಂತ ಹೆಚ್ಚು ಹೇಳುತ್ತದೆ. ಚಲನೆಯನ್ನು ಅಳೆಯುವ ಈ ವಿದ್ಯೆ ಹೊಸದೂ ಅಲ್ಲ. ಅತಿಚಟುವಟಿಕೆಯ ಹುಡುಗರ ಮೈಗೆ ಮಾಪಕವನ್ನು ಕಟ್ಟಿ ಹಗಲಿರುಳು ಅಳೆದ ಅಮೆರಿಕದ ಸಂಶೋಧಕರು, ಆ ಹುಡುಗರು ರಜಾದಿನಗಳಲ್ಲೂ ನಿದ್ದೆಯಲ್ಲೂ ಉಳಿದವರಿಗಿಂತ ಹೆಚ್ಚು ಚಲಿಸುತ್ತಾರೆಂದು 1983ರಲ್ಲೇ ವರದಿ ಮಾಡಿದ್ದರು. ಬೇಕೆಂದೇ ತಂಟೆ ಮಾಡುತ್ತಾನೆ ಎಂಬ ಆರೋಪಕ್ಕೆ ನಿದ್ದೆಯಲ್ಲಿ ಚಲಿಸುವ ಮೈಗಿಂತ ಸ್ಪಷ್ಟವಾದ ಉತ್ತರ ಸಿಗದು.

ಅಧ್ಯಾಪಕಿ: ಇಷ್ಟೆಲ್ಲ ಅಳೆಯುವ ಯಂತ್ರ ಮನೆಯವರ ಕೈಯಲ್ಲಿ ಕಾವಲಿನ ಸರಪಳಿಯಾಗುವ ಅಪಾಯವೂ ಇದೆ. ಎಲ್ಲಿದ್ದೆ, ಎಷ್ಟು ಹೊತ್ತು ಕೂತಿದ್ದೆ, ಏಕೆ ಮಲಗಲಿಲ್ಲ ಎಂದು ಪ್ರತಿರಾತ್ರಿ ವಿಚಾರಣೆ ನಡೆದರೆ ಮಗು ಅದನ್ನು ಕಿತ್ತೆಸೆಯುವುದೇ ನ್ಯಾಯ.

ವೈದ್ಯ: ಸತ್ಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರನ್ನು ಮಕ್ಕಳೆಂದು ಪರಿಗಣಿಸಿ, ಅವರ ಮಾಹಿತಿಯನ್ನು ಬಳಸುವ ಕಂಪನಿಗಳು ಹೆತ್ತವರ ಒಪ್ಪಿಗೆ ಪಡೆಯಬೇಕೆಂದೂ ಅವರ ನಡವಳಿಕೆಯನ್ನು ಹಿಂಬಾಲಿಸಬಾರದೆಂದೂ ಹೇಳುತ್ತದೆ; ಆದರೆ ಮನೆಯೊಳಗಿನ ಹಿಂಬಾಲಿಕೆಯನ್ನು ಯಾವ ಕಾಯ್ದೆಯೂ ತಡೆಯಲಾರದು. ಬ್ಯಾಂಡಿನ ಮಾಹಿತಿಯನ್ನು ಧರಿಸಿದವರೇ ಮೊದಲು ನೋಡಬೇಕು, ವಾರಕ್ಕೊಮ್ಮೆ ಅವರೇ ತೆರೆದು ತೋರಿಸಬೇಕು, ಆ ಮಾತುಕತೆಯಲ್ಲಿ ಏನು ತಪ್ಪಿತು ಎನ್ನುವ ಮೊದಲು ಯಾವ ಕಂಪನ ಕೆಲಸಕ್ಕೆ ಬಂತು ಎಂದು ಕೇಳಬೇಕು. ಈ ಕ್ರಮ ಬೇಡವೆನ್ನುವ ಮನೆಗೆ ಬ್ಯಾಂಡನ್ನು ಸಲಹೆ ಮಾಡದಿರುವುದೇ ಒಳ್ಳೆಯದು.

ಅಧ್ಯಾಪಕಿ: ಬ್ಯಾಂಡು ಸಿಕ್ಕಿತು ಎಂದು ಔಷಧಿಯನ್ನು ಬಿಡುವವರೂ ಇದ್ದಾರು.

ವೈದ್ಯ: ಅದು ದೊಡ್ಡ ತಪ್ಪಾಗುತ್ತದೆ. ಮೀಥೈಲ್‌ಫೆನಿಡೇಟ್, ಆಟೊಮಾಕ್ಸೆಟಿನ್ ಮೊದಲಾದ ಔಷಧಿಗಳಿಗೂ, ಹೆತ್ತವರಿಗೆ ಕೊಡುವ ನಡವಳಿಕೆಯ ತರಬೇತಿಗೂ ದಶಕಗಳ ಪುರಾವೆಯಿದೆ. 579 ಮಕ್ಕಳನ್ನು 14 ತಿಂಗಳು ಹಿಂಬಾಲಿಸಿ 1999ರಲ್ಲಿ ಪ್ರಕಟವಾದ ಅಮೆರಿಕದ ಎಂಟಿಎ ಅಧ್ಯಯನ ಅವುಗಳಲ್ಲಿ ಪ್ರಸಿದ್ಧವಾದುದು. ಧರಿಸುವ ಸಾಧನಗಳ ಬಗ್ಗೆ ಇರುವ ಅಧ್ಯಯನಗಳು ಹೆಚ್ಚಿನವು ಸಣ್ಣವು, ಅಲ್ಪಾವಧಿಯವು. ಬ್ಯಾಂಡು ಚಿಕಿತ್ಸೆಯ ಪಕ್ಕದಲ್ಲಿ ನಿಲ್ಲಬಹುದು, ಅದರ ಜಾಗದಲ್ಲಿ ನಿಲ್ಲಲಾರದು. ಔಷಧಿಯ ಹೊತ್ತನ್ನು ನೆನಪಿಸುವುದು ಬ್ಯಾಂಡಿನ ಅತ್ಯುತ್ತಮ ಉಪಯೋಗಗಳಲ್ಲಿ ಒಂದು. ಬಳ್ಳಾರಿಯಲ್ಲಿ ಹಿಂದೆ ವಿಮ್ಸ್ ಎನ್ನಲಾಗುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗವಿದೆ. ಕರ್ನಾಟಕದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ಬ್ಯಾಂಡಿಗೆ ಹಣ ಹಾಕುವ ಮುನ್ನ ಆ ಬಾಗಿಲನ್ನು ತಟ್ಟಬೇಕು.

ಅಧ್ಯಾಪಕಿ: ಬ್ಯಾಂಡನ್ನು ಎಂದು ಬಿಚ್ಚಬೇಕು? ಪರೀಕ್ಷೆಯ ಪ್ರಶ್ನೆಯೂ ಇದರೊಳಗೇ ಸೇರಿದೆ, ನೀಟ್‌ನಂಥ ಪ್ರವೇಶ ಪರೀಕ್ಷೆಗಳ ಕೊಠಡಿಗೆ ಯಾವ ಗಡಿಯಾರವನ್ನೂ ಬಿಡುವುದಿಲ್ಲ.

ವೈದ್ಯ: ಬಿಚ್ಚಲೇಬೇಕೆಂಬ ನಿಯಮವಿಲ್ಲ; ಕನ್ನಡಕವನ್ನು ಎಂದು ಬಿಚ್ಚುವಿರಿ ಎಂದು ಯಾರನ್ನೂ ಕೇಳುವುದಿಲ್ಲ. ಒಂದೊಂದೇ ಕಂಪನವನ್ನು ಒಂದು ವಾರ ಆರಿಸಿ ನೋಡುವುದು, ಕೆಲಸ ತಾನಾಗಿ ನಡೆದರೆ ಅದನ್ನು ತೆಗೆಯುವುದು, ನಡೆಯದಿದ್ದರೆ ನಾಚಿಕೆಯಿಲ್ಲದೆ ಮತ್ತೆ ಹಚ್ಚುವುದು. ಪರೀಕ್ಷೆಯ ವಿಷಯ ಬೇರೆ. ಬ್ಯಾಂಡಿಲ್ಲದೆ ಮೂರು ಗಂಟೆ ಕೂರಬೇಕಾದವರು ಆ ಅಭ್ಯಾಸವನ್ನು ಎರಡು ತಿಂಗಳು ಮುಂಚೆಯೇ ತರಗತಿಯಲ್ಲಿ ಶುರುಮಾಡಬೇಕು, ಅದಕ್ಕೆ ಅಧ್ಯಾಪಕರ ನೆರವು ಬೇಕೇ ಬೇಕು. ಅಭ್ಯಾಸ ಪರೀಕ್ಷೆಯ ದಿನ ಬ್ಯಾಂಡನ್ನು ಚೀಲದಲ್ಲಿಟ್ಟು, ಗೋಡೆ ಗಡಿಯಾರ ಕಾಣುವ ಬೆಂಚಿನಲ್ಲಿ ಕೂರಿಸಿ, ಕಚ್ಚಾ ಬರಹಕ್ಕೆ ಬಿಟ್ಟ ಜಾಗದಲ್ಲಿ ಯಾವ ಭಾಗ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಪೆನ್ಸಿಲಿನಿಂದ ಬರೆಸಬೇಕು. ಪುಟ ತಿರುಗಿಸಿದಾಗಲೆಲ್ಲ ಆ ಬರಹವನ್ನೂ ಗಡಿಯಾರವನ್ನೂ ಒಮ್ಮೆ ನೋಡುವುದನ್ನು ರೂಢಿಸಿದರೆ, ಕಂಪನದ ಕೆಲಸವನ್ನು ಪುಟ ತಿರುಗಿಸುವ ಕೈ ವಹಿಸಿಕೊಳ್ಳುತ್ತದೆ.

ಅಧ್ಯಾಪಕಿ: ಅದನ್ನು ಇಡೀ ತರಗತಿಗೇ ಕಲಿಸಬಹುದು, ಆಗ ಯಾರನ್ನೂ ಬೇರೆಯಾಗಿ ಕೂರಿಸಿದಂತೆ ಕಾಣುವುದಿಲ್ಲ.

ವೈದ್ಯ: ಹಾಗಾದರೆ ಮುಂದಿನ ಕಿರುಪರೀಕ್ಷೆಯಿಂದಲೇ ಶುರುವಾಗಲಿ.